ಹಸಿರು ಕಾಫಿ, ಕಾಚಂಪುಳಿ ಮತ್ತು ಇಪ್ಪತ್ತು ಕಿಲೋ

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ನನಗೆ 48 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 78 ಕೆ.ಜಿ. ಜನವರಿಯಲ್ಲಿ ಮಗಳ ಮದುವೆ. ಅಷ್ಟರೊಳಗೆ 20 ಕೆ.ಜಿ. ಇಳಿಸಬೇಕು ಅಂತ ಆನ್‌ಲೈನ್‌ನಲ್ಲಿ ಫ್ಯಾಟ್ ಬರ್ನರ್ ಕ್ಯಾಪ್ಸೂಲ್ ತರಿಸಿ ಮೂರು ವಾರ ತಗೊಂಡೆ. 2 ಕೆ.ಜಿ. ಇಳಿಯಿತು. ಆದರೆ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯೇ ಇಲ್ಲ. ಹೆದರಿ ಬಿಟ್ಟೆ. ಹತ್ತೇ ದಿನಕ್ಕೆ ಇಳಿದದ್ದೆಲ್ಲ ವಾಪಸ್ ಬಂತು. ಇನ್ನು ಯಾವ ಉತ್ತೇಜಕವೂ ಬೇಡ, ನೈಸರ್ಗಿಕವಾಗಿಯೇ ಇಳಿಸೋಣ ಅಂತಿದ್ದೇನೆ. ನಮ್ಮ ತೋಟದ್ದೇ ಹಸಿರು ಕಾಫಿ ಬೀಜದ ಪುಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಕಾಚಂಪುಳಿ ಅನ್ನುವ ನಮ್ಮ ಕಪ್ಪು ಹುಳಿ, ಇವೆರಡು ಒಳ್ಳೆಯದು ಅಂತಾರೆ. ಶುರು ಮಾಡಬಹುದಾ ಡಾಕ್ಟ್ರೇ? ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಕರಿ) ಪೂರ್ತಿ ಬಿಡಬೇಕಾ? ವಾಕಿಂಗ್ ಹೋಗೋಣ ಅಂದರೆ ಇಲ್ಲಿ ಆನೆ ಕಾಟ.

ಉತ್ತರ: ಆ ಕ್ಯಾಪ್ಸೂಲಿನ ಡಬ್ಬಿಯನ್ನು ಎಸೆದಿಲ್ಲ ತಾನೇ? ಎಸೆಯಬೇಡಿ. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಕನ್ನಡಕ ಬೇಕಾದೀತು, ಬೇಕಂತಲೇ ಅಷ್ಟು ಸಣ್ಣದಾಗಿ ಹಾಕಿರುತ್ತಾರೆ. ಕೆಫೀನ್ ಅನ್‌ಹೈಡ್ರಸ್, ಗ್ವಾರಾನಾ, ಗ್ರೀನ್ ಟೀ ಸಾರ, ಸಿನೆಫ್ರಿನ್, ಯೋಹಿಂಬಿನ್, ಇವುಗಳಲ್ಲಿ ಎರಡು ಮೂರಾದರೂ ಇರುತ್ತವೆ. ಗ್ವಾರಾನಾ ಒಂದು ಬಳ್ಳಿಯ ಬೀಜ, ಅದರಲ್ಲೂ ಇರುವುದು ಕೆಫೀನೇ. ಸಿನೆಫ್ರಿನ್ ಒಂದು ಜಾತಿಯ ಕಹಿ ಕಿತ್ತಳೆಯಿಂದ ಬರುತ್ತದೆ. ಅಂದರೆ ಡಬ್ಬಿಯ ಮುಂದೆ ‘100% ನೈಸರ್ಗಿಕ’ ಅಂತ ಬರೆದದ್ದು ಸುಳ್ಳೇನಲ್ಲ. ನಿಮ್ಮ ಎದೆ ಡವಡವ ಅಂದದ್ದೂ ಸುಳ್ಳಲ್ಲ. ಗಿಡದಿಂದ ಬಂದದ್ದಕ್ಕೂ ಉತ್ತೇಜಕಕ್ಕೂ ವಿರೋಧವೇನಿಲ್ಲ, ಅಲ್ವಾ? ಪ್ರಪಂಚದಲ್ಲಿ ಅತಿ ಹೆಚ್ಚು ಜನ ಬಳಸುವ ಉತ್ತೇಜಕ ನಿಮ್ಮ ಮನೆ ಹಿಂದೆಯೇ ಬೆಳೆಯುತ್ತದೆ.

ಡವಡವ ಈಗಲೂ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಈ ಉತ್ತರ ಓದಿ ಮುಗಿಸುವುದಕ್ಕೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿ, ಒಂದು ಇ.ಸಿ.ಜಿ. ತೆಗೆಸಿ. ಡಬ್ಬಿಯನ್ನೂ ತಗೊಂಡು ಹೋಗಿ. ಅದಕ್ಕೇ ಎಸೆಯಬೇಡಿ ಅಂದದ್ದು.

ಆ 2 ಕೆ.ಜಿ. ಎಲ್ಲಿಂದ ಹೋಯಿತು, ಎಲ್ಲಿಂದ ಬಂತು ಅನ್ನುವುದನ್ನು ಹೇಳಿಬಿಡುತ್ತೇನೆ. ಉತ್ತೇಜಕ ಹೊಟ್ಟೆಗೆ ಹೋದಾಗ ಹಸಿವು ಸ್ವಲ್ಪ ಸಾಯುತ್ತದೆ, ಮೂತ್ರ ಸ್ವಲ್ಪ ಜಾಸ್ತಿ ಹೋಗುತ್ತದೆ. ಊಟ ಕಡಿಮೆಯಾದ ಮೊದಲ ವಾರದಲ್ಲಿ ದೇಹ ತಾನು ಕೂಡಿಟ್ಟ ಗ್ಲೈಕೋಜೆನ್ ಅನ್ನುವ ಸಕ್ಕರೆಯನ್ನು ಖರ್ಚು ಮಾಡುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ, ಅದೂ ಹೋಗುತ್ತದೆ. ತಕ್ಕಡಿ ಇಳಿಯುತ್ತದೆ, ಕೊಬ್ಬು ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಕ್ಯಾಪ್ಸೂಲ್ ಬಿಟ್ಟು ಎರಡು ಹೊತ್ತು ಸರಿಯಾಗಿ ಊಟ ಮಾಡಿದರೆ ನೀರು ವಾಪಸ್. ನೀವು ಸೋತದ್ದಲ್ಲ, ಗೆದ್ದದ್ದೂ ಆಗಿರಲಿಲ್ಲ.

ಈಗ ಹಸಿರು ಕಾಫಿ ಪುಡಿಯ ವಿಷಯ. ಉತ್ತೇಜಕ ಬೇಡ ಅಂತೀರಿ, ಮರುಸಾಲಿನಲ್ಲೇ ಹಸಿರು ಕಾಫಿ ಕುಡಿಯಲಾ ಅಂತ ಕೇಳುತ್ತೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಹಸಿರು ಕಾಫಿ ಅಂದರೆ ಹುರಿಯದ ಕಾಫಿ ಬೀಜ, ಅಷ್ಟೇ. ಹುರಿದರೆ ಕೆಫೀನ್ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಕ್ಲೋರೋಜೆನಿಕ್ ಆಮ್ಲ ಅನ್ನುವ ಇನ್ನೊಂದು ವಸ್ತು. ಅದು ಕೊಬ್ಬು ಕರಗಿಸುತ್ತದೆ ಅಂತ ಹೇಳಿ ಪುಡಿ ಮಾರುತ್ತಾರೆ. ಸಿದ್ದಾಪುರದ ಕಡೆ ಜಾಸ್ತಿ ರೋಬಸ್ಟಾ. ಅರೇಬಿಕಾದಲ್ಲಿ ಇರುವುದರ ಹೆಚ್ಚು ಕಡಿಮೆ ಎರಡರಷ್ಟು ಕೆಫೀನ್ ರೋಬಸ್ಟಾದಲ್ಲಿ ಇರುತ್ತದೆ. ದಿನಕ್ಕೆ ಎರಡು ಮೂರು ಲೋಟ ಹಸಿರು ರೋಬಸ್ಟಾ ಕಷಾಯ ಕುಡಿದರೆ ನೀವು ಬಿಟ್ಟ ಕ್ಯಾಪ್ಸೂಲನ್ನು ಮನೆಯಲ್ಲೇ ತಯಾರಿಸಿದ ಹಾಗೆ.

ಈ ಹಸಿರು ಕಾಫಿ ಹುಚ್ಚು ಎಲ್ಲಿಂದ ಎದ್ದಿತು ಗೊತ್ತಾ? 2012ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದು ನಡೆದದ್ದು ಭಾರತದಲ್ಲೇ. ಪಾಲ್ಗೊಂಡವರು ಬರೀ 16 ಜನ. ತೂಕ ಭಾರೀ ಇಳಿಯಿತು ಅಂತ ಬರೆದರು, ಅಮೆರಿಕದ ಟೀವಿಯಲ್ಲಿ ಅದರ ಜಾತ್ರೆಯೇ ನಡೆಯಿತು. ಆಮೇಲೆ ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗ ತನಿಖೆ ಮಾಡಿತು. ಪಾಲ್ಗೊಂಡವರ ತೂಕದ ಅಂಕಿಗಳನ್ನೇ ಮತ್ತೆ ಮತ್ತೆ ತಿದ್ದಿದ್ದಾರೆ ಅಂತ ಆರೋಪಿಸಿತು. 2014ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡರು. ಪುಡಿ ಮಾತ್ರ ಅಂಗಡಿಯಲ್ಲಿ ಹಾಗೇ ಉಳಿಯಿತು. ಕೊಡಗಿನ ಬೆಳೆಗಾರರಿಗೆ ಹಸಿರು ಬೀಜಕ್ಕೆ ಒಳ್ಳೆ ಬೆಲೆ ಸಿಕ್ಕರೆ ನನಗೂ ಖುಷಿಯೇ. ತೂಕ ಇಳಿಸುವ ಔಷಧಿ ಅಂತ ಕುಡಿಯಬೇಡಿ, ಅಷ್ಟೇ.

ಕಾಚಂಪುಳಿಯ ಕಥೆ ಇನ್ನೂ ಸ್ವಾರಸ್ಯ. ಪಂದಿ ಕರಿಗೆ ಕೊನೆಯಲ್ಲಿ ಒಂದು ಚಮಚ ಹಾಕುವ ಆ ಕಪ್ಪು ಹುಳಿ ಬರುವುದು ಗಾರ್ಸೀನಿಯ ಗಮ್ಮಿಗಟ್ಟ ಅನ್ನುವ ಮರದ ಹಣ್ಣಿನಿಂದ. ಹಣ್ಣಿನ ರಸ ಇಳಿಸಿ, ಕಾಯಿಸಿ ಕಾಯಿಸಿ ಗಟ್ಟಿ ಮಾಡುತ್ತಾರೆ. ಶಿರಸಿ, ಸಾಗರದ ಕಡೆ ಇದೇ ಮರಕ್ಕೆ ಉಪ್ಪಾಗೆ ಅನ್ನುತ್ತಾರೆ. ಇದರ ಹಳೆಯ ಶಾಸ್ತ್ರೀಯ ಹೆಸರು ಗಾರ್ಸೀನಿಯ ಕಂಬೋಜಿಯ. ಹೌದು, ಆನ್‌ಲೈನ್‌ನಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಮಾರುವ ‘ಗಾರ್ಸೀನಿಯ ಕ್ಯಾಪ್ಸೂಲ್’ ಅದೇ. ನಮ್ಮಜ್ಜಿ ಬಾಟಲಿಗೆ ತುಂಬಿ ಅಟ್ಟದ ಮೇಲೆ ಇಡುತ್ತಿದ್ದದ್ದನ್ನು ಸಿಪ್ಪೆಯ ಸಾರ ಮಾಡಿ, ಕ್ಯಾಪ್ಸೂಲಿಗೆ ತುಂಬಿ ನಮಗೇ ವಾಪಸ್ ಮಾರುತ್ತಿದ್ದಾರೆ.

ಕೆಲಸ ಮಾಡುತ್ತದಾ? ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇಲಿಗಳಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯಿತು. ಅಷ್ಟಕ್ಕೇ ಆಸೆ ಹುಟ್ಟಿತು. 1998ರಲ್ಲಿ ನ್ಯೂಯಾರ್ಕಿನಲ್ಲಿ 135 ಜನರ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. ಎಲ್ಲರಿಗೂ ಒಂದೇ ಥರದ ಪಥ್ಯ. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆ ಆಮ್ಲ, ಇನ್ನೊಂದು ಗುಂಪಿಗೆ ಏನೂ ಇಲ್ಲದ ಸುಳ್ಳು ಮಾತ್ರೆ. 12 ವಾರ ಆದ ಮೇಲೆ ಆಮ್ಲ ತಗೊಂಡವರು ಸರಾಸರಿ 3.2 ಕೆ.ಜಿ. ಇಳಿದಿದ್ದರು, ಸುಳ್ಳು ಮಾತ್ರೆಯವರು 4.1 ಕೆ.ಜಿ. ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಪಥ್ಯ ಮಾಡಿದ್ದಕ್ಕೆ ಇಳಿದರು, ಮಾತ್ರೆಗಲ್ಲ. ಮೇಲಿಂದ ಈ ಸಾರವಿರುವ ಕ್ಯಾಪ್ಸೂಲ್ ತಗೊಂಡ ಕೆಲವರಿಗೆ ಲಿವರ್ ಕೆಟ್ಟ ವರದಿಗಳು ಬಂದಿವೆ. ಕರಿಗೆ ಹಾಕುವ ಒಂದು ಚಮಚಕ್ಕೆ ಈ ಭಯ ಬೇಡ, ಅದನ್ನು ಇಡೀ ಮನೆ ಹಂಚಿಕೊಂಡು ತಿನ್ನುತ್ತದೆ. ಖಾಲಿ ಹೊಟ್ಟೆಗೆ ದಿನಾ ಕುಡಿದರೆ ಎದೆಯುರಿ ಬರುತ್ತದೆ, ಹಲ್ಲಿನ ಮೇಲ್ಪದರ ಸವೆಯುತ್ತದೆ. ಕಾಚಂಪುಳಿಯ ಜಾಗ ಪಾತ್ರೆಯಲ್ಲಿ. ಅಲ್ಲೇ ಇರಲಿ.

ಜೇನು, ನಿಂಬೆ, ಬಿಸಿನೀರು ಅಂತ ನಾಳೆ ಇನ್ನೊಬ್ಬರು ಹೇಳುತ್ತಾರೆ. ಕೊಡಗಿನ ಜೇನು ನನಗೂ ಇಷ್ಟ. ಆದರೆ ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲರಿ ಇದೆ. ಅದು ಕೂಡಿಸುವ ಲೆಕ್ಕ, ಕಳೆಯುವುದಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸಂತೆಯಲ್ಲಿ, ವಾಟ್ಸಾಪಿನಲ್ಲಿ, ಪರಿಚಯದವರ ಕೈಯಲ್ಲಿ ಹೆಸರಿಲ್ಲದ ‘ಬೊಜ್ಜು ಕರಗಿಸುವ ಚೂರ್ಣ’ ಬಂದರೆ ಮುಟ್ಟಬೇಡಿ. ಸಿಬುಟ್ರಮಿನ್ ಅಂತ ಒಂದು ಮಾತ್ರೆ ಇತ್ತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾಗುತ್ತದೆ ಅಂತ ತಿಳಿದ ಮೇಲೆ 2010ರಲ್ಲಿ ಯುರೋಪ್, ಅಮೆರಿಕದಲ್ಲಿ ವಾಪಸ್ ತೆಗೆದರು, 2011ರಲ್ಲಿ ಭಾರತವೂ ನಿಷೇಧಿಸಿತು. ಅದನ್ನೇ ಗುಟ್ಟಾಗಿ ಬೆರೆಸಿದ ‘ಗಿಡಮೂಲಿಕೆ’ ಪುಡಿಗಳು ಆಮೇಲೂ ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಎಫೆಡ್ರಾ ಅಂತೂ ಅಪ್ಪಟ ಗಿಡ. ಅದಿರುವ ಪೂರಕಗಳನ್ನು 2004ರಲ್ಲೇ ಅಮೆರಿಕ ನಿಲ್ಲಿಸಿತು. ಪುಡಿ ತಿಂದ ಮೊದಲ ದಿನವೇ ಹಸಿವು ಮಾಯ, ಬಾಯಿ ಒಣಗುವುದು, ಎದೆ ಬಡಿತ ಶುರುವಾದರೆ ಅದರೊಳಗೆ ಸೊಪ್ಪಿಗಿಂತ ಬೇರೇನೋ ಇದೆ ಅಂತ ತಿಳಿಯಿರಿ. ಪೊಟ್ಟಣದ ಮೇಲಿನ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ತೋರಿಸಿ ಧೈರ್ಯ ಹೇಳುತ್ತಾರೆ. ಅದು ಮಾರುವುದಕ್ಕೆ ಸಿಕ್ಕ ಪರವಾನಗಿ. ತೂಕ ಇಳಿಯುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಅಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ಹೇಳುತ್ತೇನೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಸುಬೇದಾರರು ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ನಾಲ್ಕು ವರ್ಷದಲ್ಲಿ 17 ಕೆ.ಜಿ. ಜಾಸ್ತಿಯಾಗಿದ್ದರು. “ಡಾಕ್ಟ್ರೇ, ಒಂದು ತುತ್ತೂ ಜಾಸ್ತಿ ತಿಂದಿಲ್ಲ” ಅಂದರು. ನಿಜವೇ ಹೇಳಿದ್ದರು. ರೆಜಿಮೆಂಟಿನಲ್ಲಿ ತಿನ್ನುತ್ತಿದ್ದಷ್ಟೇ ತಿನ್ನುತ್ತಿದ್ದರು. ಓಡುವುದು ಮಾತ್ರ ನಿಂತಿತ್ತು. ನಕ್ಕೆ. ಆದರೆ ನನ್ನದೂ ಅದೇ ಕಥೆ. ಮೊದಲು ಆಸ್ಪತ್ರೆಯ ಹತ್ತಿರದ ಬಾಡಿಗೆ ಮನೆಯಲ್ಲಿದ್ದೆ, ದಿನಕ್ಕೆ ನಾಲ್ಕು ಸಲ ಮಡಿಕೇರಿಯ ಏರು ಹತ್ತಿ ಇಳಿಯುತ್ತಿದ್ದೆ. ತೋಟದ ಮನೆಗೆ ಬಂದು ಕಾರು ತಗೊಂಡ ಮೇಲೆ ಎರಡು ವರ್ಷಕ್ಕೆ 9 ಕೆ.ಜಿ. ಏರಿದೆ. ನಮ್ಮ ಅಜ್ಜಂದಿರು ಐನ್‌ಮನೆಯಿಂದ, ಅಂದರೆ ಮನೆತನದ ಮೂಲ ಮನೆಯಿಂದ ಗದ್ದೆಗೆ, ಗದ್ದೆಯಿಂದ ತೋಟಕ್ಕೆ, ಅಲ್ಲಿಂದ ಸಂತೆಗೆ ನಡೆದರು. ನಾವು ಅದೇ ದಾರಿಯಲ್ಲಿ ಜೀಪಿನಲ್ಲಿ ಹೋಗಿ ಬಂದು, ಅವರ ತಟ್ಟೆಯಲ್ಲಿ ಅವರಷ್ಟೇ ಉಣ್ಣುತ್ತೇವೆ. ನಿಮ್ಮ ಹಸಿವಿಗೆ ಬೈಯಬೇಡಿ. ಅದು ಹಳೆಯ ಕಾಲುಗಳ ಹಸಿವು.

ಲೆಕ್ಕ ನೋಡೋಣ. ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ, ಹೆಚ್ಚು ಓಡಾಟವಿಲ್ಲದಿದ್ದರೆ, ದಿನಕ್ಕೆ ಸುಮಾರು 1,800 ಕ್ಯಾಲರಿ ಸಾಕು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇದೆ. ಈಗ ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆ ತಿಂಗಳು. ಮದುವೆಗೆ ಸುಮಾರು 20, 21 ವಾರ. 20 ಕೆ.ಜಿ. ಇಳಿಯಬೇಕಾದರೆ ದಿನಾ 1,100 ಕ್ಯಾಲರಿ ಕಡಿಮೆ ಬೀಳಬೇಕು. ಉಳಿಯುವುದು 700. ಅದು ಊಟವಲ್ಲ, ಉಪವಾಸ. ಹಾಗೆ ಇಳಿಸಿದರೆ ಕೂದಲು ಉದುರುತ್ತದೆ, ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವ ಜಾಸ್ತಿ. ಮಗಳ ಮದುವೆಯಲ್ಲಿ ಮುಖ ಬಾಡಿಸಿಕೊಂಡು ನಿಲ್ಲುತ್ತೀರಿ. ದಿನಕ್ಕೆ 400ರಿಂದ 500 ಕ್ಯಾಲರಿ ಕಡಿಮೆ ಮಾಡಿ. ಜನವರಿಗೆ 6ರಿಂದ 8 ಕೆ.ಜಿ. ಇಳಿಯುತ್ತದೆ. ಅದು ನಿಮ್ಮ ತೂಕದ ಸುಮಾರು ನೂರಕ್ಕೆ ಎಂಟರಿಂದ ಹತ್ತು ಭಾಗ. ಬಿ.ಪಿ., ಸಕ್ಕರೆ, ಮಂಡಿ ನೋವು ಎಲ್ಲಕ್ಕೂ ಅಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ತೂಕ ನೂರಕ್ಕೆ 7 ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರು. ಕಾಯಿಲೆ ಬರುವ ಸಂಭವ ನೂರಕ್ಕೆ 58ರಷ್ಟು ತಗ್ಗಿತು. ಅಲ್ಲಿ ಯಾವ ಪುಡಿಯೂ ಇರಲಿಲ್ಲ.

ಆ 400 ಎಲ್ಲಿಂದ ತೆಗೆಯುವುದು? ಮೊದಲು ಕಾಫಿ ಲೋಟದಿಂದ. ನಮ್ಮಲ್ಲಿ ಬೆಲ್ಲದ ಕಾಫಿ ಅಂದರೆ ಅಮೃತ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಬೆಲ್ಲ ಅಂದರೆ 50 ಗ್ರಾಂ, ಹತ್ತಿರ ಹತ್ತಿರ 200 ಕ್ಯಾಲರಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅನ್ನುವುದು ರುಚಿಯ ಮಾತು. ಕ್ಯಾಲರಿಯಲ್ಲಿ ಎರಡೂ ಅಕ್ಕ ತಂಗಿ. ಒಮ್ಮೆಗೇ ಬಿಡಬೇಡಿ. ಈ ವಾರ ಒಂದೂವರೆ ಚಮಚ, ಇನ್ನೆರಡು ವಾರಕ್ಕೆ ಒಂದು, ಆಮೇಲೆ ಅರ್ಧ. ನಾಲಿಗೆ ಒಂದು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಐದು ಲೋಟ ಎರಡಕ್ಕೆ ಬರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಸೂಚನೆಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅಂದಿದೆ. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಇರುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಕಾಫಿ ಬೇಡ, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ ಅನ್ನುವ ಮಾತೂ ಅದರಲ್ಲಿದೆ. ಕಾಫಿ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಕೊಡಗಿನಲ್ಲಿ ಕೂತು ಹಾಗೆ ಹೇಳಿದರೆ ನನ್ನ ಕ್ಲಿನಿಕ್ಕಿಗೆ ಯಾರೂ ಬರುವುದಿಲ್ಲ.

ಎರಡನೆಯದು ಅಕ್ಕಿ. ಇಲ್ಲಿ ಬೆಳಗ್ಗೆ ಅಕ್ಕಿ ಒಟ್ಟಿ ಅಥವಾ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು. ಹೆಸರು ಬೇರೆ ಬೇರೆ, ಎಲ್ಲ ಅಕ್ಕಿಯೇ. ಬಿಡಬೇಕಾಗಿಲ್ಲ, ಅಳೆಯಬೇಕು. ಅಡಿಗೆಮನೆಯ ಸಣ್ಣ ತಕ್ಕಡಿ ಒಂದು ತಗೊಳ್ಳಿ. ನಿಮ್ಮೊಬ್ಬರ ಪಾಲಿನ ಅಕ್ಕಿಯನ್ನೋ ತರಿಯನ್ನೋ ಬೇಯಿಸುವ ಮುಂಚೆ ತೂಗಿ. ಹೊತ್ತಿಗೆ 60 ಗ್ರಾಂ, ಅಂದರೆ ಸುಮಾರು 210 ಕ್ಯಾಲರಿ. ಮೊದಲ ಸಲ ಆ 60 ಗ್ರಾಂ ತರಿಯಿಂದ ಎಷ್ಟು ಕಡಂಬುಟ್ಟು ಆಗುತ್ತದೆ ಅಂತ ಎಣಿಸಿಟ್ಟುಕೊಳ್ಳಿ. ಆಮೇಲೆ ತೂಗುವ ರಗಳೆ ಇಲ್ಲ, ಎಣಿಕೆ ಸಾಕು. ಸಾಧಾರಣವಾಗಿ ಜನ ತಾವು ತಿನ್ನುತ್ತಿದ್ದದ್ದು ಇದರ ಎರಡರಷ್ಟು ಅಂತ ಆಗಲೇ ಕಂಡುಕೊಳ್ಳುತ್ತಾರೆ. ಅಕ್ಕಿ ಬಿಟ್ಟು ರಾಗಿ ತಿಂದರೆ ಅಂತ ಕೇಳುವವರಿದ್ದಾರೆ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬಿದ ಹಾಗಿರುತ್ತದೆ, ಒಳ್ಳೆಯದೇ. ಕ್ಯಾಲರಿ ಹೆಚ್ಚು ಕಡಿಮೆ ಅಷ್ಟೇ. ದೊಡ್ಡ ಮುದ್ದೆ ನುಂಗಿ ತೂಕ ಇಳಿಯಲಿಲ್ಲ ಅಂದರೆ ರಾಗಿಯ ತಪ್ಪಲ್ಲ.

ಅಕ್ಕಿ ಕಡಿಮೆಯಾದ ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ರಾತ್ರಿ ಹತ್ತಕ್ಕೆ ಬಿಸ್ಕತ್ತಿನ ಡಬ್ಬ ಕರೆಯುತ್ತದೆ. ಅಲ್ಲಿಗೆ ಸೊಪ್ಪು ತರಕಾರಿ, ಪ್ರೋಟೀನು ಬರಬೇಕು. ಈ ಮಳೆಗಾಲದಲ್ಲಿ ಅಂತೂ ನಿಮಗೆ ಪೇಟೆಯ ಸಲಾಡ್ ಬೇಕಾಗಿಯೇ ಇಲ್ಲ. ಕಣಿಲೆ (ಎಳೆ ಬಿದಿರು) ಇದೆ, ಕೆಂಬಿನ (ಕೆಸುವಿನ) ಸೊಪ್ಪಿದೆ, ತೆರ್ಮೆ ತೊಪ್ಪು (ಎಳೆ ಜರೀಗಿಡ) ಇದೆ, ಅಣಬೆ ಇದೆ. ಎಲ್ಲವೂ ಹೊಟ್ಟೆ ತುಂಬಿಸುತ್ತವೆ, ಕ್ಯಾಲರಿ ಲೆಕ್ಕಕ್ಕಿಲ್ಲದಷ್ಟು. ಕಣಿಲೆಯನ್ನು ನೀರು ಬದಲಿಸಿ ನೆನೆಸುವುದು, ಗೊತ್ತಿಲ್ಲದ ಅಣಬೆ ಮುಟ್ಟದಿರುವುದು ನಿಮಗೆ ನಾನು ಹೇಳಬೇಕಾಗಿಲ್ಲ. ತೆಂಗಿನಕಾಯಿ ಮಾತ್ರ ಅರ್ಧಕ್ಕೆ ಇಳಿಸಿ. ತಟ್ಟೆಯ ಅರ್ಧ ಇವು ತುಂಬಲಿ, ಮೊದಲ ನಾಲ್ಕು ತುತ್ತು ಇವೇ ಆಗಲಿ.

ಪ್ರೋಟೀನು ದಿನಕ್ಕೆ 60 ಗ್ರಾಂ ಹತ್ತಿರ ಇಟ್ಟುಕೊಳ್ಳಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಎರಡು ಮೊಟ್ಟೆಗೆ 12 ಗ್ರಾಂ, 100 ಗ್ರಾಂ ಬೆಂದ ಕೋಳಿಗೆ 25 ಗ್ರಾಂ, ಒಂದು ಬಟ್ಟಲು ಹೆಸರುಕಾಳಿಗೋ ಬೇಳೆಗೋ 7, 8 ಗ್ರಾಂ. ಮೀನು, ಮಜ್ಜಿಗೆ, ಹುರುಳಿ ಎಲ್ಲ ಸೇರಿಸಿದರೆ ಆಗುತ್ತದೆ. ಹೊಟ್ಟೆ ಬೇಗ ಹಸಿಯುವುದಿಲ್ಲ, ಸ್ನಾಯು ಉಳಿಯುತ್ತದೆ. ಕ್ಯಾಪ್ಸೂಲ್ ಮಾಡುತ್ತೇನೆ ಅಂದ ಕೆಲಸವನ್ನು ನಿಜವಾಗಿ ಮಾಡುವುದು ಇದು.

ಪಂದಿ ಕರಿ ಬಿಡಬೇಕಾ ಅಂದಿರಿ. ಬೇಡ. ಅದರ ಮಸಾಲೆ ಹುರಿದ ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ. ಅದರಲ್ಲಿ ಏನೂ ದೋಷವಿಲ್ಲ. ದೋಷ ಬಿಳಿ ಕೊಬ್ಬಿನದು. ಒಂದು ಉಪಾಯ ಇದೆ, ನನ್ನ ಅತ್ತಿಗೆಯಿಂದ ಕಲಿತದ್ದು. ಕರಿಯನ್ನು ಹಿಂದಿನ ದಿನವೇ ಮಾಡಿ ಆರಿಸಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಚಮಚದಲ್ಲಿ ಎತ್ತಿ ತೆಗೆಯಿರಿ. ಒಂದು ದೊಡ್ಡ ಚಮಚ ಕೊಬ್ಬು ಹೋದರೆ 100 ಕ್ಯಾಲರಿಗೂ ಮೇಲೆ ಹೋಯಿತು. ಮರುದಿನದ ಕರಿ ರುಚಿಯೂ ಜಾಸ್ತಿ, ಇದಕ್ಕೆ ಮಾತ್ರ ಯಾವ ಅಧ್ಯಯನವೂ ಬೇಕಿಲ್ಲ. ವಾರಕ್ಕೆ ಒಂದು ದಿನ, ಮಾಂಸ ಜಾಸ್ತಿ ಇರುವ ನಾಲ್ಕೈದು ತುಂಡು. ತಟ್ಟೆಗೆ ಒಮ್ಮೆ ಹಾಕಿಸಿಕೊಂಡ ಮೇಲೆ ಪಾತ್ರೆ ಅಡಿಗೆಮನೆಗೆ ಹೋಗಬೇಕು. ಮೇಜಿನ ಮೇಲೆ ಇದ್ದರೆ ಕೈ ತಾನೇ ಹೋಗುತ್ತದೆ, ನನ್ನದೂ ಹೋಗುತ್ತದೆ.

ನೀವು ಕೇಳಲಿಲ್ಲ, ಆದರೂ ಮದುವೆ ಮನೆ ಅಂದಮೇಲೆ ಹೇಳಿಬಿಡುತ್ತೇನೆ. 60 ಮಿ.ಲೀ. ವಿಸ್ಕಿಯಲ್ಲಿ 140 ಕ್ಯಾಲರಿ ಇದೆ. ಮನೆಯಲ್ಲಿ ಮಾಡಿದ ವೈನಿನಲ್ಲಿ ಸಕ್ಕರೆಯೂ ಸೇರುತ್ತದೆ. ಜೊತೆಗೆ ಬರುವ ಕರಿದ ತಿಂಡಿಯ ಲೆಕ್ಕ ಬೇರೆ. ನಿಮಗೆ ಅಭ್ಯಾಸವಿಲ್ಲದಿದ್ದರೆ ಈ ಸಾಲನ್ನು ಯಜಮಾನರಿಗೆ ಓದಿ ಹೇಳಿ.

ನಡಿಗೆ. ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ ಅಂತ ಬೆಂಗಳೂರಿನ ಡಾಕ್ಟರು ಹೇಳಬಹುದು. ಸಿದ್ದಾಪುರದಲ್ಲಿ ಹಾಗೆ ಹೇಳಿದರೆ ಅಪರಾಧ. ಮಂಜಿನಲ್ಲಿ, ತಿರುವಿನಲ್ಲಿ ಆನೆ ನಿಂತದ್ದು ಹತ್ತು ಹೆಜ್ಜೆ ದೂರಕ್ಕೆ ಬರುವವರೆಗೆ ಕಾಣುವುದಿಲ್ಲ. ತೂಕ ಇಳಿಸುವುದಕ್ಕೆ ಹೋಗಿ ಜೀವ ಕಳೆದುಕೊಳ್ಳುವುದು ಬೇಡ. ಬೆಳಕು ಹರಿದು, ಕೆಲಸದವರು ತೋಟಕ್ಕೆ ಇಳಿದು, ಆನೆ ಎಲ್ಲಿದೆ ಅನ್ನುವ ಸುದ್ದಿ ಬಂದ ಮೇಲೆ ಹೊರಡಿ. ಅದೂ ಆಗದಿದ್ದರೆ ನಿಮ್ಮ ಮನೆ ಮುಂದೆ ಕಣ ಇದೆಯಲ್ಲ? 100 ಅಡಿ ಉದ್ದ, 60 ಅಡಿ ಅಗಲದ ಕಣಕ್ಕೆ ಒಂದು ಸುತ್ತು ಬಂದರೆ 320 ಅಡಿ, ಹತ್ತಿರ ಹತ್ತಿರ 100 ಮೀಟರ್. ಹತ್ತು ಸುತ್ತಿಗೆ ಒಂದು ಕಿಲೋಮೀಟರ್. ಬೆಳಗ್ಗೆ ಇಪ್ಪತ್ತು ಸುತ್ತು, ಸಂಜೆ ಬೆಳಕಿರುವಾಗ ಇಪ್ಪತ್ತು. ಪಾಚಿ ಕಟ್ಟಿದ್ದರೆ ಮೊದಲು ಉಜ್ಜಿಸಿ, ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಜಡಿಮಳೆಯ ದಿನ ಜಗುಲಿಯಲ್ಲೇ ಆ ತುದಿಯಿಂದ ಈ ತುದಿ, ಫೋನಿನಲ್ಲಿ ಮಾತಾಡುವಾಗೆಲ್ಲ ನಡೆದುಕೊಂಡೇ ಮಾತಾಡಿ. ಮದುವೆ ಕರೆಯುವುದಿದೆಯಲ್ಲ, ಫೋನುಗಳಿಗೇನೂ ಕಮ್ಮಿ ಇಲ್ಲ. ಕಾಫಿ ಕುಯ್ಲು ಶುರುವಾಗಿ ಕಣದ ತುಂಬ ಹಣ್ಣು ಹರಡಿದ ಮೇಲೆ ನಡೆಯುವ ಜಾಗ ಹೋಗುತ್ತದೆ. ಆಗ ತೋಟದ ಕೆಲಸ ನೋಡುವ ರೈಟರನ್ನು ಕಳಿಸುವ ಬದಲು ಹಗಲು ಹೊತ್ತು ಅವರ ಜೊತೆ ನೀವೂ ತೋಟಕ್ಕೆ ಇಳಿಯಿರಿ.

ನಡಿಗೆಯಿಂದ ಬಹಳ ನಿರೀಕ್ಷೆ ಬೇಡ. 45 ನಿಮಿಷ ನಡೆದರೆ ನಿಮ್ಮ ತೂಕಕ್ಕೆ ಸುಮಾರು 200 ಕ್ಯಾಲರಿ. ತುಪ್ಪ ಹಚ್ಚಿದ ಒಂದೂವರೆ ಅಕ್ಕಿ ಒಟ್ಟಿಯಲ್ಲಿ ಅಷ್ಟೂ ವಾಪಸ್ ಬರುತ್ತದೆ. ಇಳಿಸುವ ಕೆಲಸ ಜಾಸ್ತಿ ತಟ್ಟೆಯದು, ಇಳಿದದ್ದು ಮತ್ತೆ ಏರದ ಹಾಗೆ ಕಾಯುವ ಕೆಲಸ ಕಾಲಿನದು. ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಹತ್ತು ಸಲ ಒತ್ತುವುದು, ಎರಡು ಕೈಯಲ್ಲಿ ಅರ್ಧ ಬಕೆಟ್ ನೀರು ಹಿಡಿದು ನಡೆಯುವುದು. ಮೂರು ಸುತ್ತು. ಮುಟ್ಟು ನಿಲ್ಲುವ ಈ ವಯಸ್ಸಿನಲ್ಲಿ ಸ್ನಾಯು ಸುಮ್ನೆ ಕೂತರೆ ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಹಾಗಾಗಿ ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ತಿಂಗಳಿಗೊಮ್ಮೆ ಟೇಪಿನಲ್ಲಿ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90.

ನಿದ್ದೆಯನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 2010ರಲ್ಲಿ ಷಿಕಾಗೋದಲ್ಲಿ ಹತ್ತು ಜನರಿಗೆ ಒಂದೇ ಪಥ್ಯ ಕೊಟ್ಟು ಹದಿನಾಲ್ಕು ದಿನ ಎಂಟೂವರೆ ಗಂಟೆ, ಇನ್ನೊಂದು ಹದಿನಾಲ್ಕು ದಿನ ಐದೂವರೆ ಗಂಟೆ ಮಲಗಲು ಬಿಟ್ಟರು. ಎರಡೂ ಸಲ ಇಳಿದದ್ದು ಸುಮಾರು 3 ಕೆ.ಜಿ. ಆದರೆ ಚೆನ್ನಾಗಿ ಮಲಗಿದಾಗ ಅದರಲ್ಲಿ 1.4 ಕೆ.ಜಿ. ಕೊಬ್ಬು, ನಿದ್ದೆಗೆಟ್ಟಾಗ ಬರೀ 0.6. ಉಳಿದದ್ದು ಸ್ನಾಯು ಮುಂತಾದ್ದು. ಸಣ್ಣ ಅಧ್ಯಯನ, ನಿಜ. ಆದರೆ ಕ್ಲಿನಿಕ್ಕಿನಲ್ಲಿ ನಾನು ನೋಡುವುದೂ ಅದೇ. ನಿದ್ದೆ ಕೆಡಿಸುವ ಕ್ಯಾಪ್ಸೂಲ್ ನಿಮಗೆ ಏನು ಮಾಡುತ್ತಿತ್ತು ಅಂತ ಈಗ ಊಹಿಸಿ. ಕೆಫೀನಿನ ಅರ್ಧ ಭಾಗ ಮೈಯಿಂದ ಇಳಿಯುವುದಕ್ಕೇ ಐದು ಗಂಟೆ ಬೇಕು. ಕೊನೆಯ ಕಾಫಿ ಮಧ್ಯಾಹ್ನ ಎರಡರ ಒಳಗೆ ಮುಗಿಯಲಿ.

ಶುರು ಮಾಡುವ ಮುಂಚೆ ಕೆಲವು ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡಿಗೆ ಟಿ.ಎಸ್.ಎಚ್., ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್.ಬಿ.ಎ.1ಸಿ., ಕೊಲೆಸ್ಟರಾಲ್, ಹಿಮೋಗ್ಲೋಬಿನ್. ಥೈರಾಯ್ಡ್ ಕಡಿಮೆ ಇದ್ದರೆ ಮಾತ್ರೆ ತಗೊಳ್ಳಿ. ಇಲ್ಲದಿದ್ದರೆ ತೂಕ ಇಳಿಯಲಿ ಅಂತ ನೆರೆಮನೆಯವರ ಥೈರಾಯ್ಡ್ ಮಾತ್ರೆ ನುಂಗಬೇಡಿ, ಅದೂ ಹೃದಯವನ್ನು ಓಡಿಸುವ ದಾರಿಯೇ. ವಾರಕ್ಕೊಂದು ಚುಚ್ಚುವ ಹೊಸ ಮದ್ದುಗಳ ಬಗ್ಗೆ ಕೇಳಿರುತ್ತೀರಿ. ಅವು ಉತ್ತೇಜಕಗಳಲ್ಲ, ಕೆಲಸವನ್ನೂ ಮಾಡುತ್ತವೆ. ಬೆಲೆ ಇದೆ, ಅಡ್ಡ ಪರಿಣಾಮ ಇದೆ, ನಿಲ್ಲಿಸಿದರೆ ತೂಕ ಏರುವುದೂ ಇದೆ. ನಿಮ್ಮ ಬಿ.ಎಂ.ಐ., ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಳತೆ, 31. ಆರು ತಿಂಗಳು ಇದನ್ನೆಲ್ಲ ಮಾಡಿಯೂ ಆಗದಿದ್ದರೆ ಆಗ ಎದುರು ಕೂತು ಮಾತಾಡೋಣ. ಮದುವೆಯ ಅವಸರಕ್ಕೆ ಅಲ್ಲ.

ತಕ್ಕಡಿ ಹತ್ತುವುದು ವಾರಕ್ಕೆ ಒಂದೇ ಸಲ, ಒಂದೇ ದಿನ, ಬೆಳಗ್ಗೆ ಎದ್ದ ಕೂಡಲೇ. ನಡುವೆ ಕೈಲ್‌ಪೋದ್ ಬರುತ್ತದೆ, ಕಾವೇರಿ ಸಂಕ್ರಮಣ ಬರುತ್ತದೆ, ಪುತ್ತರಿ ಬರುತ್ತದೆ. ಹಬ್ಬದ ದಿನ ಹಬ್ಬ ಮಾಡಿ. ಮರುದಿನ 1 ಕೆ.ಜಿ. ಏರಿದ್ದರೆ ಅದು ಉಪ್ಪು, ನೀರು. ಮೂರು ದಿನದಲ್ಲಿ ಇಳಿಯುತ್ತದೆ. ಕಕ್ಕಡ ಹದಿನೆಂಟರ ಮದ್ದುಪುಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ವರ್ಷಕ್ಕೊಂದು ದಿನ ಮದ್ದುಸೊಪ್ಪಿನ ರಸದ ನೇರಳೆ ಬಣ್ಣದ ಪುಟ್ಟು ತಿಂದು, ಮರುದಿನ ಮೂತ್ರದ ಬಣ್ಣ ನೋಡಿ ನಗುವುದನ್ನು ಯಾವ ಡಾಕ್ಟರೂ ತಪ್ಪಿಸಬಾರದು. ಎರಡನೆಯ ತಿಂಗಳಲ್ಲಿ ತೂಕ ಒಂದು ಎರಡು ವಾರ ನಿಂತೇ ಬಿಡುತ್ತದೆ. ಎಲ್ಲರಿಗೂ ನಿಲ್ಲುತ್ತದೆ. ಸಾಮಾನ್ಯವಾಗಿ ಜನ ಪುಡಿ ಹುಡುಕುವುದು ಆ ಹದಿನೈದು ದಿನದಲ್ಲೇ. ಆಗ ಅಕ್ಕಿಯನ್ನು ಮತ್ತೊಮ್ಮೆ ತೂಗಿ ನೋಡಿ. 60 ಗ್ರಾಂ ಯಾವಾಗಲೋ 90 ಆಗಿರುತ್ತದೆ.

ಒಂದು ವಿಷಯ ಉಳಿಯಿತು. ಮದುವೆಯ ರವಿಕೆಗಳಿಗೆ ಈಗಲೇ ಅಳತೆ ಕೊಡಬೇಡಿ. ಟೈಲರ್ ಬೇಗ ಕೊಡಿ ಅಂತ ಅವಸರ ಮಾಡುತ್ತಾರೆ, ನವೆಂಬರ್ ಕೊನೆಯಲ್ಲಿ ಕೊಡುತ್ತೇನೆ ಅಂತ ಹೇಳಿ ಜಾಗ ಕಾದಿರಿಸಿ. ಎರಡೂ ಬದಿಯ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಡಿಸಿ.